ಗೊಣ್ಣೆ ಸಾಹೇಬ್ರ ಮೂವತ್ತು ಮನೆ

ಬೇಯಿಸಿದ ಮೊಟ್ಟೆ ತಿಂದ ಬೆರಳನ್ನ ಚಪ್ಪರಿಸಿ ನೆಕ್ಕಿ, ಅದೇ ಬೆರಳಲ್ಲಿ ಕಾಯಿ ನಡೆಸೋ ಮನುಷ್ಯನ ಎದುರು ಒಂಬತ್ತು ದಿನ ಕೂತವಳು ನಾನು. ತಾಳ್ಮೆ ಬಗ್ಗೆ ನನಗೆ ಯಾರೂ ಪಾಠ ಹೇಳೋಕೆ ಬರಬೇಡಿ.

ಮ್ಯೂಸಿಯಮ್ಮಿನಲ್ಲಿ ನೆಲ ಒರೆಸೋದು ನನ್ನ ಕೆಲಸ. ಆರು ದೊಡ್ಡ ಕೋಣೆ, ಎರಡು ಮಹಡಿ ಮೆಟ್ಟಿಲು, ನಾಲ್ಕು ಕಕ್ಕಸು. ಫಿನಾಯಿಲ್ ನೀರಲ್ಲಿ ಅದ್ದಿ ಅದ್ದಿ ಬೆರಳ ಸಂದಿಯೆಲ್ಲ ಬಿರಿದು ರಕ್ತ ಬರ್ತಿತ್ತು. ಉಪ್ಪು ಸೋಕಿದರೆ ಜೀವ ಹೋಗ್ತಿತ್ತು. ಚರ್ಮದ ಡಾಕ್ಟರು, "ಮುಲಾಮು ಬರೀತೀನಿ, ಆದ್ರೆ ಈ ಕೆಲಸ ಬಿಡದೆ ಇದು ವಾಸಿಯಾಗೋದಿಲ್ಲಮ್ಮ" ಅಂದರು. ಕೆಲಸ ಬಿಟ್ಟು ಏನು ತಿನ್ನಲಿ, ಅವರ ಮುಲಾಮನ್ನೇ?

ಅಷ್ಟರಲ್ಲಿ ಹೊಸ ಅಧಿಕಾರಿ ಒಂದು ಸುದ್ದಿ ಹೇಳಿದರು. ಗಾಜಿನ ಪೆಟ್ಟಿಗೆಯಲ್ಲಿರೋ ಹಳೇ ಈಜಿಪ್ಟಿನ ಆಟದ ಮಣೆಯ ಹಾಗೇ ಇನ್ನೊಂದು ಮಣೆ ಮಾಡಿಸಿ ಮಕ್ಕಳ ಕೋಣೆಯಲ್ಲಿ ಇಡ್ತಾರಂತೆ. ಬಂದ ಮಕ್ಕಳಿಗೆ ಆಟ ಹೇಳಿಕೊಡೋಕೆ ಒಬ್ಬರು ಬೇಕು. "ನಮ್ಮವರಲ್ಲೇ ಯಾರು ಕಲಿತರೂ ಸರಿ. ಹತ್ತನೇ ದಿನ ನನ್ನ ಜೊತೆ ಆಡಿ ತೋರಿಸಲಿ, ಆ ಕುರ್ಚಿ ಅವರದ್ದು." ಒಣಗಿದ ಕೈ, ಕೂರೋಕೆ ಕುರ್ಚಿ! ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಅಧಿಕಾರಿ ಆ ಆಟವನ್ನ ಪುಸ್ತಕದಲ್ಲಿ ಓದಿ ಕಲಿತಿದ್ದರಂತೆ; ನಮ್ಮವರಲ್ಲಿ ಅದು ಬರ್ತಿದ್ದದ್ದು ಒಬ್ಬರಿಗೇ: ಉಗ್ರಾಣ ನೋಡಿಕೊಳ್ಳೋ ಮುದುಕರಿಗೆ. ನಾವೆಲ್ಲ ಬೆನ್ನ ಹಿಂದೆ ಅವರನ್ನ ಗೊಣ್ಣೆ ಸಾಹೇಬ್ರು ಅಂತಿದ್ವಿ. ಮೂಗು ಸೋರದ ಗಳಿಗೆಯೇ ಇಲ್ಲ. ಕರವಸ್ತ್ರ ಇಲ್ಲ, ತೋಳು ಇದೆ. ತೋಳಿನ ಬಟ್ಟೆ ಗಂಜಿ ಹಾಕಿದ ಹಾಗೆ ನೆಟ್ಟಗೆ ನಿಂತಿರೋದು. ಥೂ! ಬೀರುವಿನ ಕೀಲಿಯನ್ನ ಕಿವಿಗೆ ಹಾಕಿ ತಿರುಗಿಸಿ, ಬಂದದ್ದನ್ನ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೀರು ತೆಗೆಯೋರು.

ಮನೇಲಿ ಅಕ್ಕನ ಹತ್ರ ಅತ್ತುಕೊಂಡೆ. "ಕೆಲಸ ಆಗ್ಬೇಕಾದ್ರೆ ಕತ್ತೆ ಕಾಲೂ ಹಿಡೀಬೇಕು ಕಣೇ" ಅಂದಳು. ಅಕ್ಕಾ, ಕತ್ತೆ ಆದರೆ ಹಿಡೀತಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಉಗ್ರಾಣಕ್ಕೆ ಹೋದೆ. ಅವರ ಮುಖ ಅರಳಿತು. ರಟ್ಟಿನ ಮೇಲೆ ಗೀಚಿದ ಮಣೆ ತೆಗೆದರು. ಹತ್ತು ಹತ್ತರ ಮೂರು ಸಾಲು, ಮೂವತ್ತು ಮನೆ. ಮೊದಲ ಸಾಲಲ್ಲಿ ಎಡದಿಂದ ಬಲಕ್ಕೆ ಹೋಗಬೇಕು, ಎರಡನೇದರಲ್ಲಿ ಬಲದಿಂದ ಎಡಕ್ಕೆ, ಉಳೋ ಎತ್ತು ತಿರುಗೋ ಹಾಗೆ. ತಮ್ಮ ಕಾಯಿಗಳನ್ನೆಲ್ಲ ಮೊದಲು ಕೊನೇ ಮನೆ ದಾಟಿಸಿದವರು ಗೆದ್ದ ಹಾಗೆ. ದಾಳಕ್ಕೆ ಬದಲು ನಾಲ್ಕು ಕಡ್ಡಿ; ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡು. ಚಪ್ಪಟೆ ಎಷ್ಟು ಮೇಲಾಗಿ ಬೀಳುತ್ತೋ ಅಷ್ಟು ನಡೆ. ಕಡ್ಡಿ ಎಸೆಯೋ ಮುಂಚೆ ಅಂಗೈಗೆ ಉಗುಳು ಸವರಿಕೊಳ್ಳೋರು. ಆಮೇಲೆ ಅದೇ ಕಡ್ಡಿ ನನ್ನ ಬಿರಿದ ಬೆರಳಿಗೆ. ಮೊಟ್ಟೆಯ ಹಳದಿ ಪುಡಿ ಹದಿನೈದನೇ ಮನೇಲಿ ಬಿದ್ದು, ನನ್ನ ಕಾಯಿ ಅದರ ಮೇಲೆ ಕೂತಾಗ, ಅದನ್ನ ಉಗುರ ತುದಿಯಲ್ಲಿ ಹಿಡಿದು ನಡೆಸಿದೆ.

"ಸಾರ್, ನೀವು ಯಾರ ಜೊತೆ ಆಡ್ತಿದ್ರಿ?"

"ಎಡಗೈ ಜೊತೆ ಬಲಗೈ" ಅಂದರು. "ಇಪ್ಪತ್ತಾರು ವರ್ಷದಿಂದ. ಎಡಗೈ ಸ್ವಲ್ಪ ಮೋಸ ಮಾಡುತ್ತೆ."

ಈ ಆಟದ ನಿಜವಾದ ನಿಯಮ ಯಾರಿಗೂ ಗೊತ್ತಿಲ್ಲವಂತೆ. ಮಣೆ ಸಿಕ್ಕಿದೆ, ಕಾಯಿ ಸಿಕ್ಕಿದೆ, ಆಡೋದು ಹೇಗೆ ಅಂತ ಬರೆದಿಟ್ಟದ್ದು ಸಿಕ್ಕಿಲ್ಲ. ಪಂಡಿತರು ಊಹಿಸಿದ ಹಾಗೆ ಆಡೋದು. ಅವರ ಲೆಕ್ಕದಲ್ಲಿ ಇಪ್ಪತ್ತೇಳನೇ ಮನೆ ನೀರು. ಅಲ್ಲಿ ಬಿದ್ದ ಕಾಯಿ ಹದಿನೈದಕ್ಕೆ ವಾಪಸ್. ಗೊಣ್ಣೆ ಸಾಹೇಬ್ರು ಅದನ್ನ ಒಪ್ಪಲಿಲ್ಲ. "ಹಿಂದಕ್ಕೆ ಅಟ್ಟಿದ್ರೆ ಆಟ ಮುಗಿಯೋದೇ ಇಲ್ಲ, ಮಕ್ಕಳು ಎದ್ದುಹೋಗ್ತಾವೆ. ನನ್ನ ಆಟದಲ್ಲಿ ಬಿದ್ದ ಕಾಯಿ ಅಲ್ಲೇ ನೆನೀತಾ ಇರ್ಬೇಕು. ನಾಲ್ಕೂ ಕಡ್ಡಿ ಗುಂಡು ಮೇಲಾಗಿ ಬಿದ್ರೆ ದಡಕ್ಕೆ." ಹಾಗೆ ಆಡಿದರೆ ಕೊನೇ ಗಳಿಗೆಯಲ್ಲಿ ಎದೆ ಹೊಡೆದುಕೊಳ್ಳುತ್ತೆ. ಸುಳ್ಳು ಹೇಳಲ್ಲ, ಆಟ ಭೇಷಾಗಿತ್ತು.

"ನೀವೇ ಆ ಕುರ್ಚಿ ಕೇಳಬಹುದಲ್ಲ?" ಅಂದೆ. ಕೇಳಿದ ಮೇಲೆ, ಎಲ್ಲಿ ಹೂಂ ಅಂದುಬಿಡ್ತಾರೋ ಅಂತ ಭಯ ಆಯ್ತು.

"ಹಿಂದಿನ ಅಧಿಕಾರಿಗೆ ಕೇಳಿದ್ದೆ. ನೀನು ಕೂತರೆ ಮಕ್ಕಳು ಓಡಿಹೋಗ್ತಾವೆ ಅಂತ ಎಲ್ಲರ ಮುಂದೆ ನಕ್ಕರು. ಇನ್ನು ಕೇಳೋದಿಲ್ಲ." ತೋಳಿಂದ ಮೂಗು ಒರೆಸಿಕೊಂಡರು. "ನೀನು ಕೂರು. ಆ ನೀರಿನ ನಿಯಮ ಯಾರದ್ದು ಅಂತ ಕೇಳಿದ್ರೆ ಮಾತ್ರ ನಂದು ಅಂತ ಒಂದು ಮಾತು ಹೇಳಮ್ಮ. ಅಷ್ಟು ಸಾಕು."

"ಅದಕ್ಕೇನು ಸಾರ್" ಅಂದೆ.

ಹತ್ತನೇ ದಿನ ಅಧಿಕಾರಿಯ ಕೋಣೆ. ಉಗ್ರಾಣದಿಂದ ಹೊಸ ಮಣೆ ಹೊತ್ತು ತಂದು ಮೇಜಿನ ಮೇಲಿಟ್ಟು, ಗೊಣ್ಣೆ ಸಾಹೇಬ್ರು ಬಾಗಿಲ ಹತ್ತಿರ ನಿಂತರು. ನಾನು ಆಡಿದೆ. ಅಧಿಕಾರಿಯ ಕಾಯಿ ನೀರಿಗೆ ಬಿತ್ತು. ನಿಯಮ ಹೇಳಿದೆ. ಅವರು ಒಂದೊಂದು ಸಲ ಕಡ್ಡಿ ಎಸೆಯೋವಾಗಲೂ ಕುರ್ಚಿಯಿಂದ ಎದ್ದು ನಿಲ್ಲೋರು. ಕೊನೆಗೆ ಸೋತು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

"ಇದು ಯಾವ ಪುಸ್ತಕದಲ್ಲೂ ಇಲ್ಲ! ಯಾರು ಮಾಡಿದ್ದು ಈ ನಿಯಮ? ಇಂಥ ತಲೆ ಇರೋರನ್ನೇ ಅಲ್ಲಿ ಕೂರಿಸ್ಬೇಕು!"

ಕೂರಿಸ್ಬೇಕು. ಆ ಒಂದು ಮಾತು ಸಾಕಾಯ್ತು. ಬಕೀಟು ಕಣ್ಣ ಮುಂದೆ ಬಂತು. ಆ ಮೂಗು, ಆ ತೋಳು, ಆ ಉಗುಳು ಮಕ್ಕಳ ಮುಂದೆ ಯಾಕೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

"ನಾನೇ ಸಾರ್" ಅಂದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು.

ಬಾಗಿಲ ಕಡೆ ನೋಡೋ ಧೈರ್ಯ ಬರಲಿಲ್ಲ. "ಚೆನ್ನಾಗಿ ಆಡ್ತಾಳೆ ಸಾರ್" ಅನ್ನೋ ದನಿ ಮಾತ್ರ ಕೇಳಿಸ್ತು.

ಈಗ ಕುರ್ಚಿ ನನ್ನದು. ಬೆರಳು ವಾಸಿಯಾಗಿದೆ. ನನ್ನ ಹಿಂದೆ ಗೋಡೆ ಮೇಲೆ ನನ್ನ ಫೋಟೋ, ಕೆಳಗೆ "ನೀರಿನ ಮನೆಯ ನಿಯಮ ರೂಪಿಸಿದವರು" ಅಂತ ದೊಡ್ಡ ಅಕ್ಷರ. ಉಂಡ ಮನೆಗೆ ಎರಡು ಬಗೆದವರನ್ನ ನಾನು ಬಾಯಿಗೆ ಬಂದ ಹಾಗೆ ಬಯ್ದವಳು. ನನ್ನ ಹೊಲಸನ್ನ ಯಾವ ತೋಳಿಗೆ ಒರೆಸಿಕೊಳ್ಳಲಿ?

ನಿನ್ನೆ ಒಂದು ಶಾಲೆಯ ಮಕ್ಕಳ ಹಿಂದೆ ಗೊಣ್ಣೆ ಸಾಹೇಬ್ರೂ ಬಂದರು. ಮಕ್ಕಳ ಪುಟ್ಟ ಸ್ಟೂಲಿನ ಮೇಲೆ, ಮೊಣಕಾಲು ಎದೆಗೆ ಬರೋ ಹಾಗೆ, ನನ್ನ ಎದುರು ಕೂತರು.

"ಮೇಡಂ" ಅಂದರು. ಅಮ್ಮ ಅನ್ನಲಿಲ್ಲ. "ನಂಗೂ ಹೇಳಿಕೊಡ್ತೀರಾ? ಮೊದಲಿಂದ."

ಅಣಕ ಇರಬಹುದು ಅಂತ ಮುಖ ನೋಡಿದೆ. ಇರಲಿಲ್ಲ. ಮಕ್ಕಳು ಕಾಯ್ತಿದ್ರು. ಒಟ್ಟು ಮೂವತ್ತು ಮನೆ ಅಂತ ಶುರು ಮಾಡಿದೆ. ಅವರು ಒಂದೊಂದು ಮಾತಿಗೂ ತಲೆ ಆಡಿಸಿದರು. ನೀರಿನ ನಿಯಮ ಹೇಳಿ ಮುಗಿಸಿದಾಗ, ಗೋಡೆಯ ಫೋಟೋ ನೋಡಿ, ಪಕ್ಕದ ಪುಟ್ಟ ಹುಡುಗಿಯ ಕಡೆ ಬಗ್ಗಿದರು.

"ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡು ಪುಟ್ಟೀ, ನಮ್ಮ ಮೇಡಂ."