ಕೊಟ್ಟೇವ್ರಿ

"ಜೋರಾಗಿ ಅನ್ನಲೇ. ಹೇಣ್ತಿ ಕಿವ್ಯಾಗ ಅಂದಂಗ ಅಂದ್ರ ಹಿಂದ ಕುಂತಾಂವಗ ಏನ್ ಕೇಳ್ತದ, ಮಣ್ಣು?"

ಶೆಟ್ಟೆಪ್ಪ ಗಂಟಲು ಸರಿಮಾಡಿಕೊಂಡ. ಘಾಟ್ಕೋಪರಿನ ಆ ಬಿಲ್ಡಿಂಗಿನಲ್ಲಿ, ಚನ್ನಬಸಯ್ಯನವರ ಮನೆಬಾಗಿಲಿಗೂ ಮೆಟ್ಟಿಲಿಗೂ ನಡುವೆ, ಚಪ್ಪಲಿ ಬಿಡುವ ಜಾಗದಲ್ಲಿ ಅವನು ನಿಂತಿದ್ದ. ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ. ಮುಂಬಯಿಗೆ ಬಂದು ಇಷ್ಟು ವರ್ಷವಾದ ಮೇಲೂ ಊರವರ ಹೊಸ್ತಿಲು ಕಂಡಕೂಡಲೇ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು.

"ಕೊಟ್ಟೇವ್ರಿ," ಎಂದ.

"ಇನ್ನೂ ಜೋರು. ಮತ್ತ ಒಂದೀಟು ನಗು. ಕೊಟ್ಟಾಂವ್ನ ಮಾರಿ ಹಿಂಗಿರ್ತದೇನು? ಇದು ಕಳಕೊಂಡಾಂವ್ನ ಮಾರಿ."

ಶೆಟ್ಟೆಪ್ಪ ಹಲ್ಲು ಕಾಣುವಷ್ಟು ತುಟಿ ಬಿಡಿಸಿದ. "ನಾವಽ ಕೊಟ್ಟೇವ್ರಿ, ಸಂತೋಷದಿಂದ ಕೊಟ್ಟೇವ್ರಿ," ಎಂದು ಕೂಗಿದ. ಕೂಗು ಮೆಟ್ಟಿಲಿಳಿದು ಕೆಳಗಿನವರೆಗೂ ಹೋಯಿತು. ಕೆಳಮನೆಯ ಗುಜರಾತಿ ಹೆಂಗಸು ಬಾಗಿಲು ತೆರೆದು ಕತ್ತೆತ್ತಿ ನೋಡಿದಳು. ಭಿಕ್ಷೆಯವನಿರಬೇಕು ಅಂದುಕೊಂಡಳೋ ಏನೋ, ಮತ್ತೆ ಬಾಗಿಲು ಹಾಕಿಕೊಂಡಳು. ಶೆಟ್ಟೆಪ್ಪನ ಕಿವಿ ಬಿಸಿಯಾಯಿತು. ಚನ್ನಬಸಯ್ಯನವರು ಮಾತ್ರ ಈಗ ಬಂತು ನೋಡು ದಾರಿಗೆ ಎಂದು ತಲೆಯಾಡಿಸಿ, ಪಾಡ್ಯದ ದಿನ ಉಡಲೆಂದು ಹೊಸ ಧೋತರವೊಂದನ್ನು ಅವನ ಅಂಗೈಗೆ ತಮ್ಮ ಕೈ ತಾಗದಂತೆ ಮೇಲಿನಿಂದ ಬಿಟ್ಟರು.

ಅವರು ಬಿಜಾಪುರ ಸೀಮೆಯ ಬಿಳೇಮಟ್ಟಿಯ ಜಂಗಮರು. ಮುಂಬಯಿಯಲ್ಲಿ ಮೆಣಸಿನಕಾಯಿಯ ದೊಡ್ಡ ವ್ಯಾಪಾರ. ಊರಿನಿಂದ ಬಂದು ಇಲ್ಲಿ ನೆಲೆನಿಂತವರ ಮಂಡಳಿಗೆ ಅಧ್ಯಕ್ಷರು. ಅದು ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರುತ್ತಿದ್ದ ವರ್ಷ. ದೀಪಾವಳಿಯೂ ಅದೇ ವಾರಕ್ಕೆ ಬಿದ್ದಿತ್ತು. ಕನ್ನಡದ ಮಂದಿ ಅಲ್ಲಲ್ಲಿ ಸಭೆ, ಮೆರವಣಿಗೆ ಅಂತ ಓಡಾಡುತ್ತಿದ್ದರು. ಬಿಳೇಮಟ್ಟಿಯವರು ಹಿಂದೆ ಬೀಳಬಾರದೆಂದು, ಪಾಡ್ಯದ ದಿನ ಪರೇಲಿನ ಒಂದು ಶಾಲೆಯ ಸಭಾಂಗಣದಲ್ಲಿ ತಮ್ಮ ಊರಿನ ಇತಿಹಾಸವನ್ನು ಮಾಡಿ ತೋರಿಸುವುದೆಂದು ಮಂಡಳಿ ಗೊತ್ತುಮಾಡಿತ್ತು.

ಬಿಳೇಮಟ್ಟಿಯ ಇತಿಹಾಸವೆಂದರೆ ಹುಡೇವು. ಊರ ನಡುವಿನ ಕಲ್ಲಿನ ಕಾವಲುಬುರುಜು. ಹಿಂದೆ ಅದನ್ನು ಹಗಲು ಕಟ್ಟಿದರೆ ರಾತ್ರಿ ಬೀಳುತ್ತಿತ್ತಂತೆ. ಹೊಲಗೇರಿಯ ದುರಗ್ಯಾ ಎಂಬವನನ್ನು ಬುನಾದಿಗೆ ಕೊಟ್ಟ ಮೇಲೆ ನಿಂತಿತು, ಇಂದಿಗೂ ನಿಂತಿದೆ. ಅದಕ್ಕೇ ಪ್ರತಿ ಪಾಡ್ಯದಂದು ಗೌಡ ಹುಡೇವಿನ ಮೆಟ್ಟಿಲ ಮೇಲೆ ನಿಂತು ಕೇಳಬೇಕು: ದುರಗ್ಯಾನ್ನ ಯಾರು ಕೊಟ್ರಿ? ದುರಗ್ಯಾನ ವಂಶದ ಗಂಡಸು ಕೆಳಗೆ ನಿಂತು ಹೇಳಬೇಕು: ನಾವಽ ಕೊಟ್ಟೇವ್ರಿ, ಸಂತೋಷದಿಂದ ಕೊಟ್ಟೇವ್ರಿ. ಆಮೇಲೆ ಅವನ ಮನೆಯ ಹಿರಿಯ ಹೆಂಗಸಿನ ಉಡಿಗೆ ಮೇಲಿನಿಂದ ತೆಂಗಿನಕಾಯಿ, ಸಜ್ಜೆ ಬೀಳುತ್ತದೆ. ಆ ಮಾತು ಕೇಳುವ ತನಕ ಊರಿನಲ್ಲಿ ಯಾರೂ ತುತ್ತೆತ್ತುವ ಹಾಗಿಲ್ಲ. ಎಲೆ ಹಾಕಿ, ಬಡಿಸಿಕೊಂಡು, ಕೈ ಕಟ್ಟಿಕೊಂಡು ಕಾಯುತ್ತಾರೆ.

ಶೆಟ್ಟೆಪ್ಪ ಆ ವಂಶದವನು. ಚಿಕ್ಕವನಿದ್ದಾಗ ಅವನಿಗೆ ಪಾಡ್ಯವೆಂದರೆ ಹಿಗ್ಗು. ಅಪ್ಪ ಹೊಸ ಧೋತರ ಉಟ್ಟು ನಿಂತಿರುತ್ತಿದ್ದ. ಗೌಡರು, ಅಯ್ಯನವರು, ಶ್ಯಾನಭೋಗರು ಎಲ್ಲರೂ ಹಸಿದುಕೊಂಡು ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಊರನ್ನು ಆಳುವವನು ತನ್ನಪ್ಪನೇ ಅಂದುಕೊಂಡು ಗೌಡರ ಓಣಿಯ ಹುಡುಗರ ಮುಂದೆ ಜಂಬ ಕೊಚ್ಚಿ ಒದೆ ತಿಂದದ್ದೂ ಉಂಟು. ಮರುದಿನ ಅದೇ ಅಪ್ಪ ಸತ್ತ ಎಮ್ಮೆಯನ್ನು ಕಾಲು ಹಿಡಿದು ಎಳೆಯುತ್ತಿದ್ದ. ಈಗ ಅಪ್ಪನಿಲ್ಲ. ಆ ಮಾತು ಮಗನ ಪಾಲಿಗೆ ಬಂದಿತ್ತು.

ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಗೌಡರ ತಮ್ಮ ಶಿವಪುತ್ರಪ್ಪ ಪರೇಲಿನ ಗಿರಣಿಯೊಂದರಲ್ಲಿ ಮಗ್ಗದ ಖಾತೆಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ. ಶೆಟ್ಟೆಪ್ಪನ ಕೈಗೆ ಕಸಬರಿಗೆ ಕೊಡಿಸಿದವನೂ ಅವನೇ. ಬದಲಿ ಕೆಲಸ, ಗೇಟಿನ ಹತ್ತಿರ ನಿಂತು, ಇವತ್ತು ಕರೆಯುತ್ತಾರೋ ಇಲ್ಲವೋ ಎಂದು ಮುಕಾದಮನ ಮುಖ ನೋಡಬೇಕು. ಪಾಡ್ಯದ ಕೆಲಸ ಚೆನ್ನಾಗಿ ಮುಗಿಸಿಕೊಟ್ಟರೆ ನೂಲುವ ಖಾತೆಗೆ ಹಾಕಿ ಕಾಯಂ ಮಾಡಿಸುತ್ತೇನೆಂದು ಶಿವಪುತ್ರಪ್ಪ ಮಾತು ಕೊಟ್ಟಿದ್ದ. ಮಗ್ಗ ನಡೆಸುವ ಕೆಲಸ ಅವನಂಥವರಿಗೆ ಇಲ್ಲವೇ ಇಲ್ಲ. ಅಲ್ಲಿ ಲಾಳಿಯ ತೂತಿಗೆ ಬಾಯಿ ಹಚ್ಚಿ ದಾರ ಹೀರಿ ಎಳೆಯಬೇಕು. ಒಬ್ಬರು ಬಾಯಿ ಹಚ್ಚಿದ ಲಾಳಿಗೆ ಇನ್ನೊಬ್ಬರು ಬಾಯಿ ಹಚ್ಚಬೇಕು.

ಹಬ್ಬದ ರಜೆಗೆ ಮುಂಚಿನ ದಿನ ಅವನು ಮಗ್ಗಗಳ ನಡುವೆ ಹತ್ತಿಯ ಧೂಳು ಗುಡಿಸುತ್ತಿದ್ದಾಗ ಲಾಳಿಯೊಂದು ಉರುಳಿ ಅವನ ಕಾಲ ಬಳಿ ಬಿತ್ತು. ಎತ್ತಿ ಕೊಡಲು ಹೋದ. ಅದರ ತುದಿಯಲ್ಲಿ ಸಿಕ್ಕಿಕೊಂಡಿದ್ದ ಎಳೆಯನ್ನು ಬಿಡಿಸಲೆಂದು ಮುಖದ ಹತ್ತಿರ ಹಿಡಿದದ್ದೇ ತಪ್ಪಾಯಿತು. ರತ್ನಾಗಿರಿ ಕಡೆಯ ನೇಕಾರ ಮಗ್ಗ ನಿಲ್ಲಿಸಿಬಿಟ್ಟ. ಶಿವಪುತ್ರಪ್ಪ ಎಲ್ಲಿದ್ದನೋ, ಬಂದವನೇ ಕಪಾಳಕ್ಕೆ ಹೊಡೆದ.

"ಬಾಯಿ ಹಚ್ಚಿದೇನಲೇ?"

"ಇಲ್ರೀ ಗೌಡ್ರ. ಎಳಿ ಬಿಡಸಾಕಂತ..."

"ಯಾವ ರಂಡಿ ಮಗ ಹೇಳಿದ್ದ ನಿನಗ ಬಿಡಸಂತ?"

ನೇಕಾರ ಆ ಲಾಳಿಯನ್ನು ಮುಟ್ಟಲಿಲ್ಲ. ಅದನ್ನು ಕಸದೊಳಗೆ ಹಾಕು ಎಂದು ಕಾಲಿನಿಂದ ತೋರಿಸಿದ. ಸುತ್ತಲಿನ ಮಗ್ಗಗಳವರು ನೋಡುತ್ತಿದ್ದರು. ಶಿವಪುತ್ರಪ್ಪನ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಇವನನ್ನು ಸುಮ್ಮನೆ ಹೊಡೆಯುವ ಹಾಗಿಲ್ಲ, ನಮ್ಮೂರ ವೀರನ ವಂಶ ಇವನದು ಎಂದು ಮರಾಠಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ. ಶೆಟ್ಟೆಪ್ಪನೂ ನಕ್ಕ. ನಗುತ್ತ ಬಾಗಿ ಲಾಳಿಯನ್ನು ಧೂಳಿನ ಬುಟ್ಟಿಗೆ ಹಾಕಿದ.

"ಪಾಡ್ಯದ ದಿನ ಆ ಬಾಯಿ ತೊಳಕೊಂಡು ಬಾ ಮತ್ತ," ಎಂದ ಶಿವಪುತ್ರಪ್ಪ. "ದೊಡ್ಡ ದೊಡ್ಡ ಮಂದಿ ಬರಾವ್ರದಾರ."

ಪಾಡ್ಯದ ಹಿಂದಿನ ಮಧ್ಯಾಹ್ನ ಹೆಂಡತಿ ದಾನವ್ವ ಖೋಲಿಯ ಬಾಗಿಲಲ್ಲಿ ಕೂತು ಹೊಸ ಧೋತರದ ಗಂಜಿ ಬಿಡಲೆಂದು ಬಕೆಟ್ಟಿನಲ್ಲಿ ಅದ್ದುತ್ತಿದ್ದಳು. ಎದುರಿನ ಚಾಳಿನ ಮರಾಠಿ ಮಂದಿ ಆಗತಾನೇ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದವರು. ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಕೆಳಗಿಳಿಸಿದ್ದರು. ಆ ಸಲ ಅಲ್ಲಿ ಹಣತೆಯಿರಲಿಲ್ಲ. ಅಲ್ಲಿನವರು ಎದುರಿಗೆ ಸಿಕ್ಕರೆ ಶೆಟ್ಟೆಪ್ಪ ಯಾಕೋ ಮುಖ ತಗ್ಗಿಸುತ್ತಿದ್ದ. ಅವರೇನೂ ಕೇಳಿರಲಿಲ್ಲ.

ದಾನವ್ವ ಬೇರೆ ಊರಿನವಳು. ಹುಡೇವಿನ ಸಂಗತಿ ಅವಳಿಗೆ ಅರ್ಧಂಬರ್ಧ ಗೊತ್ತು. ಏನು ಹೇಳಬೇಕು, ಯಾರು ಕೇಳುತ್ತಾರೆ ಎಂದು ವಿಚಾರಿಸಿಕೊಂಡಳು. ಶೆಟ್ಟೆಪ್ಪ ಎಲ್ಲ ಹೇಳಿದ. ಅವಳು ಧೋತರ ಹಿಂಡುತ್ತ ಕೇಳಿದಳು:

"ಖರೇನಽ ಕೊಟ್ಟಿದ್ರ ವರ್ಷಾ ವರ್ಷಾ ಯಾಕ ಕೇಳ್ತಾರ?"

ಶೆಟ್ಟೆಪ್ಪ, ಪದ್ಧತಿ ಎಂದ. ಒಳಗೆ ಮಲಗಿದ್ದ ತಾಯಿ ಅಂಬವ್ವ ಎದ್ದು ಕುಳಿತದ್ದು ಕೇಳಿಸಿತು.

"ಯಾರೂ ಕೊಟ್ಟಿಲ್ಲವ್ವಾ," ಎಂದಳು ಮುದುಕಿ.

ಇಬ್ಬರೂ ತಿರುಗಿ ನೋಡಿದರು. ಅಂಬವ್ವ ಅವರ ಕಡೆ ನೋಡುತ್ತಿರಲಿಲ್ಲ; ಸೀರೆಯ ಸೆರಗಿನ ದಾರವೊಂದನ್ನು ಎಳೆಯುತ್ತಿದ್ದಳು. ಅವಳ ಅತ್ತೆ ಅವಳಿಗೆ ಹೇಳಿದ್ದು. ಅತ್ತೆಗೆ ಅವಳ ಅತ್ತೆ. ಹೆಂಗಸರಿಗೆ ಮಾತ್ರ ಗೊತ್ತಿದ್ದ ಮಾತು.

"ದುರಗ್ಯಾ ಕಲ್ಲು ಹೊರಾಕ ಹೋಗಿದ್ದ. ತಳಕ್ಕಿಳದು ಹಗ್ಗದ ತುದಿ ಹಿಡಿ ಅಂದ್ರು. ಇಳದ. ಮ್ಯಾಲಿಂದ ಕಲ್ಲ ಬಿಟ್ರು." ಅಂಬವ್ವ ಉಸಿರು ತೆಗೆದುಕೊಂಡಳು. "ಆಮ್ಯಾಲ ಅವನ ಹೇಣ್ತಿನ್ನ ಕರಕೊಂಡು ಬಂದ್ರು. ಬಗಲಾಗ ಕೂಸಿತ್ತು. ಕೊಟ್ಟೇನಿ ಅನ್ನು ಅಂದ್ರು. ಆಕಿ ಅನ್ನಲಿಲ್ಲ. ಹುಡೇವು ಇನ್ನೂ ಹಸದೈತಿ ನೋಡು, ಅಂದ್ರು."

ಮುದುಕಿ ಎಳೆಯುತ್ತಿದ್ದ ದಾರ ಕಿತ್ತು ಕೈಗೆ ಬಂತು.

"ಕೊಟ್ಟೇನ್ರಿ ಅಂದ್ಲು. ಮತ್ತೇನ ಮಾಡ್ತಾಳ? ಆ ಕೂಸಿನ ಕಡಿಂದ ನಾವು."

ಸಾರ್ವಜನಿಕ ನಳದ ಹತ್ತಿರ ಯಾರೋ ಪಾಳಿಗಾಗಿ ಜಗಳವಾಡುತ್ತಿದ್ದರು. ಶೆಟ್ಟೆಪ್ಪ ಆ ಜಗಳವನ್ನೇ ಕೇಳುತ್ತ ನಿಂತ. ಅಪ್ಪನಿಗೆ ಇದು ಗೊತ್ತಿತ್ತೇ ಎಂದು ಕೇಳಲಿಲ್ಲ. ಇಷ್ಟು ವರ್ಷ ಉಡಿಯೊಡ್ಡಿದೆಯಲ್ಲ, ನನಗೇಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ಆದರೂ ಅಂಬವ್ವ ಉತ್ತರ ಕೊಟ್ಟಳು.

"ನೀ ಸಣ್ಣಾಂವಿದ್ದಾಗ ನಿಮ್ಮಪ್ಪನ ಮುಂದ ನಿಂತು ನಗತಿದ್ದಿ, ತಮ್ಮಾ. ಹೆಂಗ ಹೇಳ್ಲಿ."

ದಾನವ್ವ ಧೋತರವನ್ನು ಹರವಿ ಬಂದಳು. ಹೋಗಬೇಡ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಾಯಂ ಆದರೆ ಏನೇನು ಆಗುತ್ತದೆಂದು ಇಬ್ಬರೂ ಎಷ್ಟೋ ಸಲ ಮಾತಾಡಿದ್ದರು. ಈಗ ಅವಳು ನಾಳೆ ತನಗೆ ನೀರು ತುಂಬುವುದಿದೆ, ಅತ್ತೆಯನ್ನು ಕರೆದುಕೊಂಡು ನೀವು ಹೋಗಿಬನ್ನಿ ಎಂದಷ್ಟೇ ಅಂದಳು.

ಪಾಡ್ಯದಂದು ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಹುಡೇವನ್ನು ಬಣ್ಣದಲ್ಲಿ ಬರೆದ ದೊಡ್ಡ ಪರದೆ. ಮುಂದಿನ ಕುರ್ಚಿಗಳಲ್ಲಿ ಧಾರವಾಡದಿಂದ ಬಂದ ಅಧಿಕಾರಿಯೊಬ್ಬರು, ಪತ್ರಿಕೆಯವರೊಬ್ಬರು. ಗೋಡೆಯುದ್ದಕ್ಕೂ ಎಲೆ ಹಾಕಿ ಊರಿನ ಪದ್ಧತಿಯಂತೆ ಮೊದಲೇ ಬಡಿಸಿದ್ದರು: ಹೋಳಿಗೆ, ಅನ್ನ, ಕಟ್ಟಿನ ಸಾರು. ಮಂದಿ ಎಲೆಯ ಮುಂದೆ ಕೈ ಕಟ್ಟಿ ಕುಳಿತಿದ್ದರು. ಶೆಟ್ಟೆಪ್ಪನ ಮತ್ತು ಅಂಬವ್ವನ ಎಲೆಗಳು ಹೊರಗೆ, ಮಕ್ಕಳು ಕೈ ತೊಳೆಯುವ ನಳಗಳ ಹತ್ತಿರ.

ಚನ್ನಬಸಯ್ಯನವರು ಭಾಷಣ ಮಾಡಿದರು. ವೀರ ದುರ್ಗಪ್ಪನವರು ಊರಿನ ಒಳಿತಿಗಾಗಿ ನಗುನಗುತ್ತ ಬುನಾದಿಗೆ ಇಳಿದರೆಂದರು. ದುರ್ಗಪ್ಪನವರು ಯಾರೆಂದು ಶೆಟ್ಟೆಪ್ಪನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ತಾಯಿಯ ಕಡೆ ನೋಡಿದ. ಇಂಥ ಊರು, ಇಂಥ ಒಗ್ಗಟ್ಟು ಇನ್ನೆಲ್ಲಿದೆ ಎಂದು ಅವರು ಕೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಶೆಟ್ಟೆಪ್ಪನ ಅಂಗೈಗಳೂ ಒಂದಕ್ಕೊಂದು ತಾಗಿದವು. ಅಂಬವ್ವ ಅದನ್ನು ನೋಡಿದಳು. ಅವನು ಕೈಗಳನ್ನು ಬೆನ್ನ ಹಿಂದೆ ಸೇರಿಸಿಕೊಂಡ.

ತಾಯಿ ಮಗ ವೇದಿಕೆಯ ಕೆಳಗೆ ಬಂದು ನಿಂತರು. ಅಂಬವ್ವ ಉಡಿಯೊಡ್ಡಿದಳು. ಶಿವಪುತ್ರಪ್ಪ ಜರಿ ರುಮಾಲು ಸುತ್ತಿಕೊಂಡು, ಮರದ ಮೆಟ್ಟಿಲ ಮೇಲೆ ನಿಂತು, ಗೌಡನ ದನಿಯಲ್ಲಿ ಕೇಳಿದ.

"ದುರಗ್ಯಾನ್ನ ಯಾರು ಕೊಟ್ರಿ?"

ಹೇಳಬೇಕೆಂದೇ ಶೆಟ್ಟೆಪ್ಪ ಬಂದಿದ್ದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದ. ಒಂದು ಮಾತು, ಅಂದರೆ ಮುಗಿಯಿತು. ಅಪ್ಪ ಅಂದಿದ್ದ, ಅಜ್ಜ ಅಂದಿದ್ದ. ಬಾಯಿ ತೆರೆದ. ಪಕ್ಕದಲ್ಲಿ ತಾಯಿ ಖಾಲಿ ಉಡಿಯನ್ನು ಒಡ್ಡಿಕೊಂಡೇ ನಿಂತಿದ್ದಳು. ಅವನ ಬಾಯಿ ಮುಚ್ಚಿಕೊಂಡಿತು.

ನಾಚತಾನ, ಎಂದು ಚನ್ನಬಸಯ್ಯನವರು ಅಧಿಕಾರಿಯ ಕಡೆ ಬಾಗಿ ನಕ್ಕರು. ಶಿವಪುತ್ರಪ್ಪ ಇನ್ನೊಮ್ಮೆ ಕೇಳಿದ. ಎಲೆಗಳ ಮುಂದೆ ಕುಳಿತಿದ್ದವರಲ್ಲಿ ಯಾರೋ ಕೆಮ್ಮಿದರು. ಹಸಿದ ಮಗುವೊಂದು ಹೋಳಿಗೆಗೆ ಕೈ ಹಾಕಿದಾಗ ತಾಯಿ ಅದರ ಕೈ ಹಿಡಿದು ಹಿಂದಕ್ಕೆಳೆದಳು.

ಶಿವಪುತ್ರಪ್ಪ ಒಂದು ಮೆಟ್ಟಿಲು ಇಳಿದು ದನಿ ತಗ್ಗಿಸಿದ. "ಅನ್ನಲೇ ಸೂಳಿಮಗನ. ನಾಳೆ ಗೇಟಿನ್ಯಾಗ ಹೆಂಗ ಕಾಲಿಡ್ತಿ ನೋಡ್ತೀನಿ."

ಶೆಟ್ಟೆಪ್ಪ ಪರದೆಯ ಮೇಲಿನ ಹುಡೇವನ್ನೇ ನೋಡಿದ.

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಕೊನೆಗೆ ಶಿವಪುತ್ರಪ್ಪನೇ ಜನರ ಕಡೆ ತಿರುಗಿ, ಕೊಟ್ಟಾರ, ಎಂದೋ ಕೊಟ್ಟಾರ, ಉಣ್ರಿ ಇನ್ನ, ಎಂದುಬಿಟ್ಟ. ಒಬ್ಬಿಬ್ಬರು ಎಲೆಗೆ ಕೈ ಚಾಚಿದರು. ಹಬ್ಬಕ್ಕೆಂದೇ ಊರಿನಿಂದ ಬಂದಿದ್ದ ಮುಪ್ಪಿನ ಒಕ್ಕಲಿಗನೊಬ್ಬ ಕುಳಿತಲ್ಲಿಂದಲೇ ಕೈಯೆತ್ತಿ ತಡೆದ.

"ನೀವು ಅಂದ್ರ ನಡ್ಯಂಗಿಲ್ಲ, ಗೌಡ್ರ. ಅವರ ಬಾಯಿಂದಽ ಬರಬೇಕು."

ಚಾಚಿದ ಕೈಗಳು ಹಿಂದಕ್ಕೆ ಬಂದವು. ಅಧಿಕಾರಿ ಏನು ನಡೆಯುತ್ತಿದೆ ಎಂದು ಪತ್ರಿಕೆಯವರನ್ನು ಕೇಳಿದರು. ಅವರು ತಮಗೂ ತಿಳಿಯದೆಂದು ತಲೆಯಾಡಿಸಿದರು. ಚನ್ನಬಸಯ್ಯನವರು ವೇದಿಕೆಯಿಂದ ಇಳಿದರು. ಧೋತರದ ಚುಂಗು ಹಿಡಿದು, ನಿಧಾನ, ಒಂದೊಂದೇ ಮೆಟ್ಟಿಲು. ನೆಲಕ್ಕೆ ಬಂದು ಶೆಟ್ಟೆಪ್ಪನ ಎದುರು, ಉಸಿರು ತಾಗುವಷ್ಟು ಹತ್ತಿರ ನಿಂತರು.

"ಅಂದುಬಿಡಪಾ," ಎಂದರು. "ಶೆಟ್ಟೆಪ್ಪಾ. ನಮ್ಮಪ್ಪಲ್ಲ. ಮಂದಿ ಹಸದಾರ."

ಯಾವ ಅಯ್ಯನವರೂ ಅವನ ಹೆಸರನ್ನು ಹಾಗೆ ಕರೆದಿರಲಿಲ್ಲ. ಆ ದನಿಗೆ ಅವನ ನಾಲಿಗೆ ಆಗಲೇ ಎದ್ದುಬಿಟ್ಟಿತ್ತು. ಬೈಗಳಿಗೆ, ಹೊಡೆತಕ್ಕೆ ಏಳದಿದ್ದದ್ದು ಇಷ್ಟು ಸಣ್ಣ ಪ್ರೀತಿಗೆ ಎದ್ದಿತಲ್ಲ ಎಂದು ಅವನಿಗೆ ಅಂಗಾಲಿನಿಂದ ನೆತ್ತಿಯ ತನಕ ನಾಚಿಕೆಯಾಯಿತು. ಹಲ್ಲು ಬಿಗಿಹಿಡಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಲು ಕೈ ಎತ್ತಲಿಲ್ಲ.

ಅಂಬವ್ವ ಮಗನ ಮುಖ ನೋಡಿದಳು. ಆಮೇಲೆ ಒಡ್ಡಿದ್ದ ಉಡಿಯನ್ನು ಬಿಟ್ಟು, ಸೆರಗನ್ನೊಮ್ಮೆ ಕೊಡವಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

ಅನ್ನದ ಮೇಲಿನ ಹಬೆ ನಿಂತುಹೋಗಿತ್ತು. ಹೋಳಿಗೆಯ ತುಪ್ಪ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು, ಅದರ ಮೇಲೆ ನೊಣ ಕೂರುತ್ತಿದ್ದವು. ಯಾರೂ ಅವನ್ನು ಓಡಿಸಲಿಲ್ಲ. ಗೋಡೆಯುದ್ದಕ್ಕೂ ಬಿಳೇಮಟ್ಟಿಯ ಮಂದಿ ತಮ್ಮ ತಮ್ಮ ಎಲೆಗಳ ಮುಂದೆ ಕೈ ಕಟ್ಟಿಕೊಂಡು, ಅವನ ಮುಚ್ಚಿದ ಬಾಯಿಯನ್ನೇ ನೋಡುತ್ತ ಕುಳಿತಿದ್ದರು.