ಬೆಚ್ಚಗಿನ ಗೋಡೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರು ಕಟ್ಟಡದ ನೆತ್ತಿಯ ನೀರಿನ ತೊಟ್ಟಿ ಕಾಣಲಿಲ್ಲ, ಕೆಳಗಿನ ಬೀದಿ ಕಾಣಲಿಲ್ಲ. ಕಿಟಕಿಯ ಹೊರಗಿನ ಹಗ್ಗಕ್ಕೆ ಹಾಕಿದ್ದ ಅಂಗಿಯ ತೋಳು ಕೂಡ ಅರ್ಧಕ್ಕೇ ಮುಗಿದುಹೋದಂತಿತ್ತು. ಬೀದಿಯಲ್ಲಿ ಯಾರೋ ಕೆಮ್ಮಿದರು, ಯಾರೆಂದು ತಿಳಿಯಲಿಲ್ಲ. ದೇವರು ಊರಿನ ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಸ್ವಲ್ಪ ಹೊತ್ತು ಸುಮ್ಮನಿರಿ ಮಕ್ಕಳೇ ಎಂದ ಹಾಗಿತ್ತು.

ಮೂರನೇ ಮಹಡಿಯ ಗೋದಾಮಣ್ಣ ಎಂದಿನಂತೆ ಎದ್ದು, ಮೇಲಿರುವವನಿಗೆ ಕೈಮುಗಿದು, ಒಲೆಯ ಮೇಲೆ ನೀರಿಟ್ಟು ನಿಂತ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ದುಡಿಯುವ ವಯಸ್ಸನ್ನೆಲ್ಲ ಧಾನ್ಯದ ಗೋದಾಮಿನಲ್ಲಿ ಮೂಟೆ ಇಳಿಸುತ್ತ, ಏರಿಸುತ್ತ, ಕಾಯುತ್ತ ಕಳೆದವನನ್ನು ಕಟ್ಟಡದವರೆಲ್ಲ ಗೋದಾಮಣ್ಣ ಎಂದೇ ಕರೆಯುತ್ತಿದ್ದರು. ಹುಟ್ಟುಹೆಸರು ಹಿಡಿದು ಕರೆಯುತ್ತಿದ್ದ ಒಬ್ಬಳೇ ಒಬ್ಬಳು, ಅವನ ಹೆಂಡತಿ, ತೀರಿಕೊಂಡ ಮೇಲೆ ಅದೂ ಅವಳ ಜೊತೆಗೇ ಹೋದಂತಾಗಿತ್ತು.

ನೀರು ಕುದಿಯತೊಡಗಿತು. ಏನೋ ಒಂದು ಇಲ್ಲ ಅನ್ನಿಸಿತು.

ಗಡಿಯಾರ ನೋಡಿದ, ನಡೆಯುತ್ತಿತ್ತು. ನಲ್ಲಿ ತಿರುಗಿಸಿದ, ನೀರು ಬಂತು. ಕನ್ನಡಕ ಮೂಗಿನ ಮೇಲೇ ಇತ್ತು. ಇನ್ನೇನು ಇಲ್ಲದಿರಲು ಸಾಧ್ಯ? ಹಿಂದಿನ ದಿನ ತಾನೇ ಮನೆಗೆ ಬೇಕಾದದ್ದನ್ನೆಲ್ಲ ತಂದು ತುಂಬಿಸಿದ್ದ.

ಅದಕ್ಕೆ ಕಾರಣ ಕೆಳಮನೆಯ ಲಾರಿ ಡ್ರೈವರ್. ನಿನ್ನೆ ಮೆಟ್ಟಿಲ ಬಳಿ ಸಿಕ್ಕವನು, "ಅಣ್ಣಾ, ನದಿ ಸೇತುವೆ ಬಿರುಕು ಬಿಟ್ಟಿದೆಯಂತೆ. ಎಂಜಿನಿಯರ್‌ಗಳು ಕೆಳಗಿಳಿದು ಟಾರ್ಚ್ ಹಾಕಿ ನೋಡ್ತಾ ಇದಾರೆ. ಲಾರಿ ನಿಲ್ಲಿಸಿಬಿಟ್ರೆ ಊರೊಳಗೆ ಒಂದು ಕಾಳೂ ಬರಲ್ಲ. ಏನ್ ತಗೋಬೇಕೋ ಇವತ್ತೇ ತಗೊಂಡ್ಬಿಡಿ" ಎಂದಿದ್ದ.

"ನಿನ್ನ ಗತಿ?"

"ನಂಗೇನು, ಆ ಕಡೆ ಸಿಕ್ಕಾಕ್ಕೊಂಡ್ರೆ ಆ ಕಡೆನೇ ಉಣ್ತೀನಿ. ಹೆಂಡ್ತಿಗೆ ಹೇಳಿದೀನಿ, ನಾನಿಲ್ದಿದ್ರೂ ಪರ್ವಾಗಿಲ್ಲ, ಮನೇಲಿ ಸಕ್ಕರೆ ಇರ್ಲಿ ಅಂತ. ಹೂಂ ಅಂದ್ಲು. ಒಂದು ಮಾತಿಗಾದ್ರೂ ಬೇಡ ಅನ್ಬಾರ್ದಾ?"

ಗೋದಾಮಣ್ಣ ನಗಲಿಲ್ಲ. ಅವನ ಮನಸ್ಸು ಆಗಲೇ ಅಂಗಡಿಯಲ್ಲಿತ್ತು. ಅಂಗಡಿಯಲ್ಲಿ ನೂಕುನುಗ್ಗಲು, ಜನ ಸಾಬೂನನ್ನು ಕೂಡ ಮಗುವನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡಿದ್ದರು. ಅವನು ಅವಸರಪಡಲಿಲ್ಲ. ಅಕ್ಕಿಯ ಮೂಟೆಗೆ ಕೈ ತೂರಿಸಿ ಒದ್ದೆಯಿದೆಯೇ ಎಂದು ನೋಡಿದ, ಬೇಳೆಯನ್ನು ಹಲ್ಲಿನಡಿ ಕಚ್ಚಿ ನೋಡಿದ. ಹಿಟ್ಟು, ಉಪ್ಪು, ಎಣ್ಣೆ, ಬೆಂಕಿಪೆಟ್ಟಿಗೆ, ಮೇಣದಬತ್ತಿ ಎಲ್ಲವನ್ನೂ ಒಂದು ಕಡೆ ಒಟ್ಟಿಸಿದ.

ಅಂಗಡಿಯವನು ಕಣ್ಣರಳಿಸಿ, "ಒಬ್ರಿಗೆ ಇಷ್ಟೊಂದಾ ಅಣ್ಣಾ? ಮನೆಗೆ ನೆಂಟರು ಬರ್ತಾರಾ?" ಎಂದ.

"ಯಾರೂ ಬರಲ್ಲ. ಅದಕ್ಕೇ."

ಅಂಗಡಿಯವನಿಗೆ ಅರ್ಥವಾಗಲಿಲ್ಲ. ಗೋದಾಮಣ್ಣನಿಗಾದರೂ ಪೂರ್ತಿ ಅರ್ಥವಾಗಿತ್ತು ಎನ್ನುವಂತಿಲ್ಲ. ಹೆಂಡತಿ ಹೋದ ಮೇಲೆ ಅವನಿಗೆ ಹಿಡಿದದ್ದು ಅದೊಂದೇ ಹಟ: ಯಾರ ಬಾಗಿಲಿಗೂ ಹೋಗಿ ನಿಲ್ಲಬಾರದು, ಯಾರ ಅಯ್ಯೋ ಪಾಪವೂ ಬೇಡ.

ಕೂಲಿಯವರು ಮೂಟೆಗಳನ್ನು ಮೇಲೆ ತಂದು ಹಾಕಿ ಹೋದರು. ಎಲ್ಲಿ ಒಟ್ಟುವುದು? ಮೂಟೆಗೆ ಇಲಿಗಿಂತ ದೊಡ್ಡ ಶತ್ರು ತೇವ. ಅವನು ಮಗುವಿನ ಜ್ವರ ನೋಡುವ ತಾಯಿಯಂತೆ ಮನೆಯ ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡಿದ. ಬೀದಿ ಕಡೆಯದು ತಣ್ಣಗಿತ್ತು, ಬಚ್ಚಲ ಕಡೆಯದು ಬೆವರುತ್ತಿತ್ತು. ಅಡುಗೆಮನೆಯ ಒಳಗೋಡೆಯೊಂದೇ ಒಣಗಿ, ಬೆಚ್ಚಗೆ ಇತ್ತು. ಗೋಡೆಯ ಆ ಬದಿಗೆ ಪಕ್ಕದ ಮನೆಯ ಒಲೆ. ಗೋದಾಮಿನಲ್ಲಾಗಿದ್ದರೆ ಗೋಡೆಗೂ ಮೂಟೆಗೂ ನಡುವೆ ಒಬ್ಬ ಆಳು ಹೋಗುವಷ್ಟು ಜಾಗ ಬಿಡುತ್ತಿದ್ದ. ಈ ಗೂಡಿನಲ್ಲಿ ಬಿಡುವುದಕ್ಕೆ ಜಾಗವೆಲ್ಲಿ? ಗೋಡೆಗೇ ಆನಿಸಿ, ಮೂಟೆಯ ಹೊಲಿದ ಬಾಯಿ ಒಳಕ್ಕೆ ಬರುವಂತೆ, ನೆಲದಿಂದ ಎದೆಯೆತ್ತರಕ್ಕೆ ಒಟ್ಟಿದ. ಸೊಂಟ ಹಿಡಿದುಕೊಂಡಿತು. ಆದರೂ ದೂರ ನಿಂತು ನೋಡಿದಾಗ ಎಷ್ಟೋ ಕಾಲದ ಮೇಲೆ ತಾನೊಬ್ಬ ಕೆಲಸಗಾರ ಅನ್ನಿಸಿತು. ಹೆಂಡತಿಯ ಫೋಟೋದ ಕಡೆ ತಿರುಗಿ, "ನೋಡು, ಇನ್ನು ನಂಗೆ ಯಾರೂ ಬೇಕಾಗಿಲ್ಲ" ಎಂದ.

ಬದುಕಿದ್ದಾಗಲೂ ಅವಳು ಇಂಥ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಈ ಬೆಳಿಗ್ಗೆ ಇಲ್ಲದ್ದು ಏನು? ನೀರು ಕುದಿದು ಕುದಿದು ಅರ್ಧಕ್ಕಿಳಿದಾಗ ಅವನಿಗೆ ಹೊಳೆಯಿತು. ಆ ಸದ್ದು.

ದಿನಾ ನೀರು ಕುದಿ ಬರುವ ಹೊತ್ತಿಗೆ ಅದೇ ಒಳಗೋಡೆಯಿಂದ ಒಂದು ಸದ್ದು ಬರುತ್ತಿತ್ತು. ಟಕ್ ಟಕ್, ಸ್ವಲ್ಪ ಬಿಟ್ಟು, ಟಕ್. ಪಕ್ಕದ ಮನೆಯ ನರ್ಸಮ್ಮ ಬೆಳ್ಳುಳ್ಳಿ ಜಜ್ಜುತ್ತಾಳೆ ಎಂದುಕೊಂಡಿದ್ದ. ದಿನಾ ಇಷ್ಟು ಬೆಳ್ಳುಳ್ಳಿ ತಿನ್ನುವವಳನ್ನು ಯಮನೂ ಮೂಗು ಮುಚ್ಚಿಕೊಂಡೇ ಕರೆದೊಯ್ಯಬೇಕು ಎಂದು ಗೊಣಗಿದ್ದೂ ಉಂಟು. ಹಾಗೆ ಗೊಣಗುವುದೇ ಅವನ ದಿನದ ಮೊದಲ ಮಾತಾಗಿತ್ತು, ಎಷ್ಟೋ ದಿನ ಕೊನೆಯದೂ ಅದೇ. ಇಂದು ಗೊಣಗಲು ಏನೂ ಸಿಗದೆ ನಾಲಿಗೆ ಬಾಯೊಳಗೆ ಸುಮ್ಮನೆ ಬಿದ್ದಿತ್ತು.

ನರ್ಸಮ್ಮನಿಗೆ ವಯಸ್ಸಾಗಿದೆ. ಆಸ್ಪತ್ರೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಒಬ್ಬಳೇ ಇದ್ದಾಳೆ. ಮೂಟೆಗಳ ಕಡೆಗೆ ಅವನ ಯೋಚನೆ ಹರಿಯಲಿಲ್ಲ; ಕೆಟ್ಟದ್ದರ ಕಡೆಗೇ ಹರಿಯಿತು. ಒಲೆ ಆರಿಸಿ ಬಾಗಿಲು ತೆಗೆದ.

ಎರಡು ಬಾಗಿಲುಗಳ ನಡುವೆ ಎಷ್ಟು ದೂರವಿದ್ದೀತು? ಕಾಲೊರೆಸುವ ಚಾಪೆಗೂ ಚಾಪೆಗೂ ಮುತ್ತು ಕೊಡುವಷ್ಟು ಹತ್ತಿರ. ಆದರೂ ಅವನ ಕಾಲು ಏಳಲಿಲ್ಲ. ಹೆಂಡತಿ ಹೋದ ಆ ವಾರ ನರ್ಸಮ್ಮ ತಟ್ಟೆ ಮುಚ್ಚಿದ ಪಾತ್ರೆ ಹಿಡಿದು ಬಂದಾಗ ಇದೇ ಹೊಸ್ತಿಲಲ್ಲಿ ನಿಂತು, "ಬೇಡ ನರ್ಸಮ್ಮ. ನನ್ನ ಪಾಡಿಗೆ ನನ್ನ ಬಿಡಿ" ಎಂದಿದ್ದ. ಆಕೆ ಬಿಟ್ಟಿದ್ದಳು. ಈಗ ಯಾವ ಮುಖ ಹೊತ್ತು ಬಾಗಿಲು ಬಡಿಯುವುದು? ಅಪ್ಪಾ, ನನ್ನ ಹಟದಿಂದ ಆಕೆಗೇನೂ ಆಗದಿರಲಿ, ಎಂದು ಬೇಡಿಕೊಂಡು ಕೈ ಎತ್ತಿದ.

ಕೈ ಬಾಗಿಲಿಗೆ ತಾಗುವ ಮೊದಲೇ ಬಾಗಿಲು ತೆರೆಯಿತು. ಶಾಲು ಹೊದ್ದು, ಕೈಯಲ್ಲೊಂದು ಸೌಟು ಹಿಡಿದು ನರ್ಸಮ್ಮ ನಿಂತಿದ್ದಳು.

"ಇದೀರಾ ಭಾವ?" ಎಂದಳು ಆಕೆ. ಅವನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದವಳಿಗೆ ಅವನು ಭಾವ.

"ಇದೀನಿ. ನೀವು?"

"ನಾನೂ ಇದೀನಿ ಅನ್ಸುತ್ತೆ. ನಿಮ್ಮನ್ನ ನೋಡೋಕೆ ಹೊರಟಿದ್ದೆ. ಗೋಡೆ ಬಡಿದ್ರೆ ಹಿಟ್ಟಿಗೆ ಗುದ್ದಿದ ಹಾಗಾಯ್ತು. ಆ ಕಡೆಯಿಂದ ಒಂದು ಪಾತ್ರೆ ಸದ್ದೂ ಇಲ್ಲ. ನಂಗೆ ಎದೆ ಧಸಕ್ಕಂತು."

"ಗೋಡೆ ಯಾಕೆ ಬಡೀತೀರಿ? ಬೆಳ್ಳುಳ್ಳಿ ಅಲ್ವಾ ಅದು?"

"ಬೆಳ್ಳುಳ್ಳಿ ನಂಗೆ ಆಗಲ್ಲ ಭಾವ, ಎದೆ ಉರಿಯುತ್ತೆ. ಅಕ್ಕ ನಿಮ್ಗೆ ಹೇಳಿರ್ಲಿಲ್ವಾ?"

ಒಳಗೆ ಕೂರಿಸಿ, ಸೌಟನ್ನು ಮಡಿಲಲ್ಲಿಟ್ಟುಕೊಂಡು ಆಕೆ ಹೇಳಿದಳು. ಅವನು ಗೋದಾಮಿಗೆ ಹೋದ ಮೇಲೆ ಅವನ ಹೆಂಡತಿ ಇಡೀ ದಿನ ಒಬ್ಬಳೇ. ಈ ಬದಿಗೆ ನರ್ಸಮ್ಮನೂ ಒಬ್ಬಳೇ. ಹಾಗಾಗಿ ಇಬ್ಬರೂ ಒಂದು ಮಾತಾಡಿಕೊಂಡಿದ್ದರು. ಬೆಳಿಗ್ಗೆ ಅವನು ಹೊರಟ ಮೇಲೆ, ನೀರು ಕುದಿಯುವಾಗ ನರ್ಸಮ್ಮ ಗೋಡೆ ಬಡಿಯಬೇಕು, ಅವನ ಹೆಂಡತಿ ತಿರುಗಿ ಬಡಿಯಬೇಕು. ಇದ್ದೀಯಾ ಅಂದರೆ ಇದ್ದೀನಿ, ಅಷ್ಟೇ. "ಆವತ್ತು ತಿರುಗಿ ಬಡೀಲಿಲ್ಲ ಅಕ್ಕ. ಬಾಗಿಲು ತಳ್ಕೊಂಡು ಬಂದೆ. ಆಮೇಲೆ ನಿಮ್ಮ ಗೋದಾಮಿಗೆ ಫೋನ್ ಮಾಡಿದ್ದು."

ಅವನಿಗೆ ಆ ಫೋನ್ ನೆನಪಿತ್ತು. ಪಕ್ಕದ ಮನೆಯವಳು ಯಾವುದಕ್ಕೋ ಬಂದವಳು ಕಂಡಿರಬೇಕು, ದೇವರು ದೊಡ್ಡವನು ಎಂದುಕೊಂಡಿದ್ದ. ದೇವರು ಸೌಟು ಹಿಡಿದು ಗೋಡೆಯಾಚೆ ನಿಂತಿದ್ದ ಎಂದು ತಿಳಿದಿರಲಿಲ್ಲ. ಹೆಂಡತಿ ಹೇಳಿದ್ದಳೋ ಏನೋ. ಗೋದಾಮಿನಿಂದ ಬಂದವನ ಕಿವಿಯಲ್ಲಿ ಲಾರಿಗಳೇ ಓಡುತ್ತಿದ್ದವು. ಅವಳ ಮಾತಿಗೆ ಹೂಂ ಎಂದು ಅನ್ನಕ್ಕೆ ಕೈ ಹಾಕುತ್ತಿದ್ದ.

"ಅವಳು ಹೋದ ಮೇಲೂ ಬಡೀತಾನೇ ಇದ್ರಲ್ಲ," ಎಂದ. "ನಾನು ಒಂದು ದಿನಾನೂ ತಿರುಗಿ ಬಡೀಲಿಲ್ಲ."

"ಬೇಡ ಅಂದಿದ್ರಿ. ಬೇಡ ಅಂದೋರ ಬಾಗಿಲಿಗೆ ಹೋಗಬಾರ್ದು. ಗೋಡೆ ನಂದೂ ಹೌದಲ್ವಾ? ನೀವು ತಿರುಗಿ ಬಡೀದೆ ಇದ್ರೂ ಪಾತ್ರೆ ಕುಕ್ತಿದ್ರಿ, ಗೊಣಗ್ತಿದ್ರಿ. ಇದಾರೆ ಅಂತ ನಾನೂ ನನ್ನ ಕೆಲ್ಸಕ್ಕೆ ಹೋಗ್ತಿದ್ದೆ." ಆಕೆ ಸೌಟನ್ನು ಸೆರಗಿನಲ್ಲಿ ಒರೆಸಿದಳು. "ನಂಗೂ ಬೇಕಲ್ಲ ಭಾವ, ಬೆಳಿಗ್ಗೆ ಎದ್ದು ಯಾರನ್ನಾದ್ರೂ ಕೇಳೋಕೆ."

ಅವನು ತಲೆ ಎತ್ತಲಾಗದೆ ಕಣ್ಣನ್ನು ಅಡುಗೆಮನೆಯ ಕಡೆ ಹಾಯಿಸಿದ. ಗೋದಾಮಿನ ಕಣ್ಣು, ಹಲಗೆಯ ಮೇಲಿನ ಡಬ್ಬಿಗಳನ್ನು ಮುಟ್ಟದೆಯೇ ತೂಗಿತು. ಮುಚ್ಚಳಗಳು ಸಡಿಲವಾಗಿದ್ದವು; ತುಂಬಿದ ಡಬ್ಬಿಯ ಮುಚ್ಚಳ ಹಾಗಿರುವುದಿಲ್ಲ.

"ಸೇತುವೆ ಸುದ್ದಿ ಕೇಳಿದ್ರಾ? ಏನೂ ತಂದ ಹಾಗಿಲ್ವಲ್ಲ?"

"ಇಳಿಯೋದು ಸುಲಭ, ಮಂಡಿ ಹತ್ತೋಕೆ ಒಪ್ಪಲ್ಲ. ಇಂಥ ಗದ್ದಲದಲ್ಲಿ ಇಳಿದ್ರೆ ಬೀದೀಲೇ ಸಂಸಾರ ಹೂಡ್ಬೇಕಾಗುತ್ತೆ. ಇರೋದ್ರಲ್ಲಿ ನಡೆಯುತ್ತೆ ಬಿಡಿ. ಒಬ್ಬಳಿಗೆ ಎಷ್ಟು ಬೇಕು?"

ಒಬ್ಬನಿಗೆ ಎಷ್ಟು ಬೇಕು ಎಂದು ತಾನು ನಿನ್ನೆ ಕೇಳಿಕೊಂಡಿರಲಿಲ್ಲ. ಅವನು ಎದ್ದ.

ಮಂಜು ಕರಗಿ ಬಿಸಿಲು ಮೆಟ್ಟಿಲಿಗೆ ಇಳಿಯುವವರೆಗೂ ಅವನು ಸದ್ದು ನುಂಗಿದ್ದ ಮೂಟೆಗಳನ್ನು ಗೋಡೆಯಿಂದ ಕೀಳುತ್ತಲೇ ಇದ್ದ. ಬೆಚ್ಚಗಿನ ಗೋಡೆ ತುಸುತುಸುವೇ ಹೊರಬಂತು. ಕೆಲವನ್ನು ಮಂಚದಡಿ ತಳ್ಳಿದ. ಅಕ್ಕಿ, ಬೇಳೆ, ಹಿಟ್ಟು ಸಮಪಾಲಾಗುವಂತೆ ಉಳಿದದ್ದನ್ನು ಒಂದೊಂದಾಗಿ ಎಳೆದುಕೊಂಡು ನರ್ಸಮ್ಮನ ಮನೆಯ ಹೊಸ್ತಿಲು ದಾಟಿಸಿದ.

"ಏನಿದು ಭಾವ? ಬೇಡ," ಎಂದಳು ಆಕೆ.

"ನಿಮಗಲ್ಲ. ನಮ್ಮನೇಲಿ ಜಾಗ ಇಲ್ಲ, ಇಲ್ಲಿರ್ಲಿ. ಆದ್ರೆ ಸುಮ್ನೆ ಇಟ್ರೆ ಹುಳ ಬೀಳುತ್ತೆ. ಮುಂದಿಂದ ತೆಗೀತಾ ಹೋಗಿ, ಹೊಸದು ಬಂದ್ರೆ ಹಿಂದೆ ಇಡ್ತೀನಿ."

"ನನ್ನ ಮನೆ ಗೋದಾಮು ಮಾಡ್ತೀರಿ ಅನ್ನಿ. ಬಾಡಿಗೆ?"

"ಅದಕ್ಕೇ ಅಂದಿದ್ದು, ಮುಂದಿಂದ ತೆಗೀತಾ ಹೋಗಿ ಅಂತ."

ಆಕೆ ಮೂಟೆಯ ಕಿವಿ ಹಿಡಿದು ಒಳಕ್ಕೆ ಎಳೆಯಲು ಕೈ ಕೊಟ್ಟಳು.

ಮರುದಿನ ಆಕಾಶ ತಿಳಿಯಾಗಿತ್ತು. ಎದುರಿನ ತೊಟ್ಟಿ ಇದ್ದಲ್ಲೇ ಇತ್ತು. ಸೇತುವೆಯ ವಿಷಯ ಇನ್ನೂ ಯಾರಿಗೂ ಖಚಿತವಿರಲಿಲ್ಲ. ಬೀದಿಯಲ್ಲಿ ಜನ ಚೀಲ ಹಿಡಿದು ಓಡಾಡುತ್ತಿದ್ದರು. ಗೋದಾಮಣ್ಣ ಒಲೆಯ ಮೇಲೆ ನೀರಿಟ್ಟು ಗೋಡೆಯ ಮುಂದೆ ನಿಂತ. ಮೂಟೆ ಸರಿಸುವಾಗ, ಅದರ ಹಿಂದೆ ಮೊಳೆಗೆ ತೂಗುಹಾಕಿದ್ದ ಹೆಂಡತಿಯ ಮರದ ಸೌಟು ಮೊದಲ ಸಲ ಅವನ ಗಮನಕ್ಕೆ ಬಂದಿತ್ತು. ಅದರಲ್ಲಿ ಅವಳು ಅಡುಗೆ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಹಿಡಿಯ ತುದಿ ಮಾತ್ರ ಬಡಿದು ಬಡಿದು ಜಜ್ಜಿಹೋಗಿತ್ತು.

ನೀರು ಕುದಿ ಬಂತು. ಗೋಡೆಯಾಚೆಯಿಂದ ಟಕ್ ಟಕ್. ಸ್ವಲ್ಪ ಬಿಟ್ಟು, ಟಕ್.

ಅವನು ಗೊಣಗಲಿಲ್ಲ. ಮೊಳೆಯಿಂದ ಸೌಟು ತೆಗೆದು, ಅವಳ ಬೆರಳು ಸವೆಸಿದ್ದ ಜಾಗದಲ್ಲೇ ತನ್ನ ಬೆರಳಿಟ್ಟು, ಇಷ್ಟು ದಿನ ಬಾಕಿ ಉಳಿಸಿಕೊಂಡಿದ್ದ ಉತ್ತರವನ್ನು ಮೆಲ್ಲಗೆ ಗೋಡೆಗೆ ಬಡಿದು ಹಿಂದಿರುಗಿಸಿದ.