ಮರಿಗಳಿಗೆ ಅವಕಾಶವಿಲ್ಲ

ನಮ್ಮ ಮನೆಗೂ ನನ್ನ ಓರಗಿತ್ತಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಕಟ್ಟಿಸುವಾಗ ಖುಷಿಯಿಂದ ಹಾಗೆ ಮಾಡಿದರು. ಆ ಗೋಡೆಗೆ ಕಿವಿಗೊಟ್ಟು ಬಾಳಬೇಕಾದವಳು ನಾನು ಎಂದು ಅವರಿಗೆ ಹೊಳೆಯಲಿಲ್ಲ. ಕೆಳಗೆ ನಾವಿರುತ್ತೇವೆ, ಮಹಡಿಯನ್ನು ಸಮುದ್ರ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಆಚೆ ಮನೆಯವರೂ ಅಷ್ಟೇ.

ಬಾಡಿಗೆಗೆ ಕೊಡುವ ಯೋಚನೆ ಮೊದಲು ಬಂದದ್ದು ನನಗೆ. ಓರಗಿತ್ತಿ ನನ್ನನ್ನು ನೋಡಿ ಶುರುಮಾಡಿದಳು. ಅಕ್ಕಾ, ಹಾಸಿಗೆ ಎಲ್ಲಿ ತಗೊಂಡ್ರಿ? ಅಕ್ಕಾ, ಕೇಳಿದೋರಿಗೆಲ್ಲ ಏನಂತ ಉತ್ತರ ಬರೀತೀರಿ? ಎಲ್ಲ ಹೇಳಿಕೊಟ್ಟೆ. ಹೇಳಿಕೊಡುವಾಗ ದೊಡ್ಡವಳೆನ್ನಿಸಿಕೊಳ್ಳುವ ಸುಖವೂ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದು ದಿನ ಅವಳು ನನ್ನನ್ನು ಕೇಳದೆ ಗೇಟಿಗೆ ಬೋರ್ಡು ತಗುಲಿಹಾಕಿದಳು: ‘ಸಾಕುಪ್ರಾಣಿಗಳಿಗೆ ಸ್ವಾಗತ.’

ಅಲ್ಲಿಂದ ನನ್ನ ನೆಮ್ಮದಿ ಮಣ್ಣುಪಾಲಾಯಿತು. ನಾಯಿ ಸಾಕಿದವರು ಇಷ್ಟು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು! ಅವಳ ಫೋನು ಹೊಡೆದುಕೊಳ್ಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನನ್ನ ಫೋನು ಮೇಜಿನ ಮೇಲೆ ಸತ್ತಹಾಗೆ ಬಿದ್ದಿರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಯಾರಾದರೂ ವಿಚಾರಿಸಿದರೆ ಕೊನೆಯ ಪ್ರಶ್ನೆ ಒಂದೇ: ನಾಯಿ ತರಬಹುದಾ? ಒಬ್ಬ ಪುಣ್ಯಾತ್ಮನಂತೂ ಗಿಳಿ ತರಬಹುದಾ ಎಂದು ಕೇಳಿದ್ದ. ನಾನೂ ಒಮ್ಮೆ ಮನಸ್ಸು ಗಟ್ಟಿಮಾಡಿ ಒಂದು ನಾಯಿಯನ್ನು ಒಳಗೆ ಬಿಟ್ಟುಕೊಂಡಿದ್ದೆ. ಅದು ಹೊಸ ಹಾಸಿಗೆಯ ಮೂಲೆಯನ್ನು ಕಿತ್ತು ಹತ್ತಿಯನ್ನೆಲ್ಲ ಬಚ್ಚಲಿನವರೆಗೆ ಎಳೆದಾಡಿತ್ತು. ಅದೇ ನಾಯಿ ಮುಂದಿನ ಸಲ ಓರಗಿತ್ತಿಯ ಮನೆಗೆ ಬಂದಾಗ ಕಾಲು ಒರೆಸಿಸಿಕೊಂಡು, ಋಷಿಯ ಹಾಗೆ ಕೂತಿತ್ತು. ನಾಯಿಗೂ ನನ್ನ ಮೇಲೆ ಹಗೆ.

“ನಿಂಗ್ಯಾಕೆ ಅವಳ ಉಸಾಬರಿ? ನಿನ್ನ ಪಾಡಿಗೆ ನೀನಿರು,” ಎನ್ನುತ್ತಿದ್ದರು ನಮ್ಮ ಯಜಮಾನರು. ಹೊಟ್ಟೆ ಉರಿಯುವವರಿಗೆ ತಮ್ಮ ಪಾಡಿಗೆ ತಾವಿರುವುದೊಂದೇ ಆಗದ ಕೆಲಸ ಎಂದು ಅವರಿಗೆ ಹೇಗೆ ಹೇಳಲಿ?

ಆದರೂ ನನ್ನದೆಂದು ಒಬ್ಬರಿದ್ದರು, ಕನ್ನಡಕದಮ್ಮ. ಅವರದು ಕನ್ನಡಕದ ಅಂಗಡಿ, ಅದಕ್ಕೆ ಆ ಹೆಸರು. ವರ್ಷಕ್ಕೊಂದು ಸಲ ಅಂಗಡಿಗೆ ಬೀಗ ಹಾಕಿ ಒಬ್ಬರೇ ಬಂದು ನನ್ನ ಮಹಡಿಯಲ್ಲಿ ವಾರ ಕಳೆಯುತ್ತಿದ್ದರು. ಸಂಜೆ ಕೆಳಗೆ ಬಂದು ನನ್ನ ಅಡುಗೆಮನೆಯಲ್ಲೇ ಕೂರುತ್ತಿದ್ದರು. ಗಂಡನಿಗೂ ಹೇಳದ ಮಾತುಗಳನ್ನು ಅವರಿಗೆ ಹೇಳಿದ್ದೇನೆ. “ಇಲ್ಲಿಗೆ ಬಂದ್ರೆ ತೌರಿಗೆ ಬಂದ ಹಾಗಾಗತ್ತೆ,” ಎಂದಿದ್ದರು ಒಮ್ಮೆ. ಓರಗಿತ್ತಿ ಎಷ್ಟು ನಾಯಿಗಳನ್ನು ಬೇಕಾದರೂ ಇಟ್ಟುಕೊಳ್ಳಲಿ, ಕನ್ನಡಕದಮ್ಮ ನನ್ನವರು. ಈ ಒಂದು ಮಾತಿನ ಮೇಲೆ ನಾನು ತಲೆಯೆತ್ತಿ ಓಡಾಡುತ್ತಿದ್ದೆ.

ಈ ವರ್ಷ ಅವರ ಮೆಸೇಜು ಬಂತು. ‘ಈ ಸಲ ಮರೀನೂ ಕರ್ಕೊಂಡು ಬರ್ತಿದೀನಿ. ಇನ್ನೂ ಚಿಕ್ಕದು. ಜಾಸ್ತಿ ಗಲಾಟೆ ಮಾಡಲ್ಲ. ರಾತ್ರಿ ನನ್ನ ಮಗ್ಗುಲಲ್ಲೇ ಮಲಗತ್ತೆ. ನಿಮಗೆ ಪರವಾಗಿಲ್ಲ ತಾನೆ?’

ಓದಿ ಮೈಯೆಲ್ಲ ಉರಿದುಹೋಯಿತು. ಇವರೂ ನಾಯಿ ಸಾಕಿದರೇ! ಮಗ್ಗುಲಲ್ಲಿ ಬೇರೆ ಮಲಗಿಸಿಕೊಳ್ಳುತ್ತಾರಂತೆ. ಅದೇ ಹೊತ್ತಿಗೆ ಗೋಡೆಯಾಚೆ ಯಾರದೋ ನಾಯಿ ಬೊಗಳುತ್ತಿತ್ತು, ಓರಗಿತ್ತಿ ಅದನ್ನು ‘ಬಂಗಾರಿ’ ಎಂದು ಮುದ್ದು ಮಾಡುತ್ತಿದ್ದಳು. ನಾಯಿಯವರಿಗೆಂದೇ ಬರೆದಿಟ್ಟುಕೊಂಡಿದ್ದ ಉತ್ತರ ನನ್ನ ಫೋನಿನಲ್ಲಿ ಸಿದ್ಧವಾಗಿತ್ತು. ಹಳಬರು ಎಂಬ ದಾಕ್ಷಿಣ್ಯಕ್ಕೆ ಕೊನೆಗೆ ಎರಡು ಸಾಲು ಸೇರಿಸಿ ಕಳಿಸಿದೆ.

‘ಕ್ಷಮಿಸಿ, ನಮ್ಮಲ್ಲಿ ಮರಿಗಳಿಗೆ ಅವಕಾಶವಿಲ್ಲ. ಹಾಸಿಗೆ ಹಾಳಾಗುತ್ತದೆ, ವಾಸನೆ ಹೋಗುವುದಿಲ್ಲ, ಎಲ್ಲೆಂದರಲ್ಲಿ ಗಲೀಜು ಮಾಡುತ್ತವೆ. ತೀರಾ ಬಿಟ್ಟುಬರಲು ಆಗದಿದ್ದರೆ ಹಿಂದಿನ ಶೆಡ್ಡಿನಲ್ಲಿ ಕಟ್ಟಿಹಾಕಬಹುದು. ತಟ್ಟೆ, ಹಗ್ಗ ನೀವೇ ತರಬೇಕು.’

‘ಸರಿ, ಅರ್ಥವಾಯಿತು’ ಎಂದಷ್ಟೇ ಉತ್ತರ ಬಂತು. ಬಿಗುಮಾನ ಮಾಡುತ್ತಿದ್ದಾರೆ, ಇಳಿಯುತ್ತದೆ ಎಂದುಕೊಂಡೆ. ಮಹಡಿ ಗುಡಿಸಿ, ಅಲ್ಲಲ್ಲಿ ತೂಗುಹಾಕಿದ್ದ ನನ್ನ ಬೋರ್ಡುಗಳ ಧೂಳು ಒರೆಸಿ, ಅವರಿಗಿಷ್ಟವಾದ ಕುರ್ಚಿಯನ್ನು ಬಾಲ್ಕನಿಗೆ ತಂದಿಟ್ಟು ಕಾದೆ.

ಒಂದು ಬೆಳಿಗ್ಗೆ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಓರಗಿತ್ತಿ ಪಕ್ಕದ ಬಾಲ್ಕನಿಗೆ ದಿಂಬು ಕೊಡವಲು ಬಂದವಳು ಕಂಬಿಯ ಹತ್ತಿರ ನಿಂತಳು.

“ಅಕ್ಕಾ, ಒಂದು ಮಾತು. ನಿಮ್ಮ ಕನ್ನಡಕದಮ್ಮ ನಮ್ಮಲ್ಲಿ ಕೇಳಿದಾರೆ. ಹೂಂ ಅಂದೆ. ಆದ್ರೆ ಅಕ್ಕಾ, ನೀವು ಕಳಿಸಿದ ಆ ಮೆಸೇಜು...”

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದೆ.

“ಮೆಸೇಜು ನಂದು, ಮನೆ ನಂದು. ನೀನೇನೂ ಹೇಳೋದು ಬೇಡ,” ಎಂದೆ.

“ಅಯ್ಯೋ, ಅದಲ್ಲ ಅಕ್ಕಾ, ಅವರು ಮರಿ ಅಂದಿದ್ದು...”

“ಬೇಡ ಅಂದ್ನಲ್ಲ! ಇಟ್ಕೋ. ಎಲ್ಲಾರ್ನೂ ಇಟ್ಕೋ. ನನ್ನ ಮನೇಲಿ ನೊಣ ಇದೆ, ಅದನ್ನೂ ಕರ್ಕೋ.”

ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಎಸೆದು ಕೆಳಗಿಳಿದು ಬಂದೆ. ಅಳು ಬಂತು, ಅತ್ತೆ. ಕನ್ನಡಕದಮ್ಮ ಅವಳ ಅಡುಗೆಮನೆಯಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಅವಳಿಗೆ ಹೇಳುತ್ತಾರೆ. ಇಬ್ಬರೂ ನಗುತ್ತಾರೆ. ಗೋಡೆಯೀಚೆ ನಾನು ಪಾತ್ರೆ ತಿಕ್ಕುತ್ತಾ ಅದನ್ನು ಕೇಳಿಸಿಕೊಳ್ಳಬೇಕು. ದೇವರೇ, ಆ ನಾಯಿ ಅವಳ ಹೊಸ ಸೋಫಾವನ್ನು ಚಿಂದಿ ಮಾಡಲಿ ಎಂದು ಮನಸಾರೆ ಬೇಡಿಕೊಂಡೆ.

ಅವರು ಬರುವ ದಿನ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಕಾರು ನನ್ನ ಗೇಟನ್ನು ದಾಟಿ ಅವಳ ಗೇಟಿನ ಮುಂದೆ ನಿಂತಿತು. ಕನ್ನಡಕದಮ್ಮ ಇಳಿದರು. ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಓರಗಿತ್ತಿ ಓಡಿಬಂದು ಚೀಲ ಇಸಿದುಕೊಂಡಳು. ನಾನು ಕಾರಿನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದೆ. ನಾಯಿ ಇಳಿಯಲಿ, ಹೇಗಿದೆ ನೋಡೋಣ, ಕುರೂಪಿಯಾಗಿದ್ದರೆ ಅಷ್ಟಾದರೂ ಸಮಾಧಾನ.

ಮೊದಲು ಒಂದು ಪುಟ್ಟ ಚಪ್ಪಲಿ ಕೆಳಗೆ ಬಿತ್ತು. ಆಮೇಲೆ ಒಂದು ಕಾಲು. ಆಮೇಲೆ ಕೆಂಪು ಟೋಪಿ ಹಾಕಿದ ಒಂದು ಗಂಡುಮಗು, ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದುಮುಂದಾಗಿ ಇಳಿಯಿತು.

“ಬಾ ಮರಿ, ಅಜ್ಜಿ ಕೈ ಹಿಡ್ಕೋ,” ಎಂದರು ಕನ್ನಡಕದಮ್ಮ.

ಕಿಟಕಿಯ ಪರದೆಯನ್ನು ಸರ್ರನೆ ಎಳೆದುಬಿಟ್ಟೆ. ಯಜಮಾನರು ಪೇಪರು ಮಡಿಸಿ ಏನಾಯಿತೆಂದು ಕೇಳಿದರು. ಹೇಳಿದೆ. ಫೋನು ಇಸಿದುಕೊಂಡು ನನ್ನ ಉತ್ತರವನ್ನು ಗಟ್ಟಿಯಾಗಿ ಓದಿದರು. ‘ತಟ್ಟೆ, ಹಗ್ಗ’ ಎನ್ನುವಲ್ಲಿ ನಗು ತಡೆಯಲಾರದೆ ಕೆಮ್ಮತೊಡಗಿದರು.

“ಅಲ್ವೇ ಮಹಾತಾಯಿ, ಮೊಮ್ಮಗನ್ನ ಶೆಡ್ಡಲ್ಲಿ ಕಟ್ಟಿಹಾಕಿ ಅಂದ್ಯಾ?”

“ಮಲಗತ್ತೆ ಅಂತ ಬರೆದಿದ್ರು. ಮಲಗ್ತಾನೆ ಅಂತ ಬರೆದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?”

“ಮಗೂನ ಯಾರು ಮಲಗ್ತಾನೆ ಅಂತಾರೆ? ಹೋಗು, ಮೊದಲು ಹೋಗಿ ಹೇಳು.”

ಹೋದೆ. ಓರಗಿತ್ತಿಯ ಬಾಗಿಲನ್ನು ಅತಿಥಿಯ ಹಾಗೆ ತಟ್ಟಿದೆ. ಕನ್ನಡಕದಮ್ಮ ಅಡುಗೆಮನೆಯಲ್ಲಿ ಕೂತಿದ್ದರು, ನಾನು ಹೆದರಿದ್ದ ಹಾಗೆಯೇ. ಮಗು ಅವರ ಸೆರಗು ಹಿಡಿದು ನನ್ನನ್ನು ನೋಡಿತು. ನಿಂತಲ್ಲೇ ಎಲ್ಲ ಒದರಿದೆ. ನಾಯಿಮರಿ ಎಂದುಕೊಂಡೆ, ತಪ್ಪಾಯಿತು, ಮಗು ಎಂದು ತಿಳಿದಿದ್ದರೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ.

ಕನ್ನಡಕದಮ್ಮ ಓರಗಿತ್ತಿಯ ಕಡೆ ನೋಡಿದರು.

“ಇವರು ಅವತ್ತೇ ಹೇಳಿದ್ರು. ಅಕ್ಕ ನಾಯಿ ಅನ್ಕೊಂಡಿರ್ತಾರೆ, ಮಗು ಅಂದ್ರೆ ಅವರು ಹಾಗೆ ಬರೆಯೋರೇ ಅಲ್ಲ, ಒಂದು ಫೋನ್ ಮಾಡಿ ಅಂತ ಎಷ್ಟು ಬೇಡ್ಕೊಂಡ್ರು ಗೊತ್ತಾ? ನಾನೇ ನಂಬಲಿಲ್ಲ.”

“ಯಾಕೆ? ಇಷ್ಟು ವರ್ಷದಿಂದ ನನ್ನ ನೋಡಿದೀರಿ.”

“ನೋಡಿದೀನಿ. ಅದಕ್ಕೇ...” ಎಂದು ಮಗುವಿನ ಟೋಪಿ ಸರಿಮಾಡಿದರು. “ಮರಳು ಕೊಡವಿ ಬನ್ನಿ, ಗೋಡೆಗೆ ಒರಗಬೇಡಿ, ನಲ್ಲಿ ಜೋರಾಗಿ ತಿರುಗಿಸಬೇಡಿ. ಕುಂತಲ್ಲಿ ನಿಂತಲ್ಲಿ ನಿಮ್ಮ ಬೋರ್ಡುಗಳು. ಮಗೂಗೂ ನೀವು ಹಾಗೇ ಬರೆದಿರ್ತೀರಿ ಅನ್ನಿಸಿಬಿಡ್ತು. ಬೇಜಾರು ಮಾಡ್ಕೋಬೇಡಿ.”

ನಾನು ನನ್ನವರೆಂದುಕೊಂಡವರು ನನ್ನನ್ನು ಮಗುವಿಗೆ ಹಗ್ಗ ಹಾಕುವವಳು ಎಂದುಕೊಂಡೇ ಇಷ್ಟು ದಿನ ಇದ್ದರು. ಅಲ್ಲ ಎಂದು ವಾದ ಮಾಡಿದವಳು ಯಾರು? ನಾನು ಯಾರ ಸೋಫಾ ಚಿಂದಿಯಾಗಲಿ ಎಂದು ಬೇಡಿಕೊಂಡಿದ್ದೆನೋ ಅವಳು.

ಅವಳು ನಮ್ಮ ಕಡೆ ಬೆನ್ನು ಹಾಕಿ ಹಾಲು ಕಾಯಿಸುತ್ತಿದ್ದಳು. ಸುಮ್ಮನಿದ್ದಿದ್ದರೆ ಕನ್ನಡಕದಮ್ಮ ಶಾಶ್ವತವಾಗಿ ಅವಳವರಾಗುತ್ತಿದ್ದರು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಇದು ಅವಳಿಗೂ ಗೊತ್ತು, ಗೊತ್ತಿದ್ದೂ ಹೇಳಿದ್ದಳು. ಅವಳ ಫೋನು, ಅವಳ ನಾಯಿಗಳು, ಅವಳ ಅತಿಥಿಗಳು, ಇವುಗಳಿಗೆಲ್ಲ ಹೊಟ್ಟೆ ಉರಿದದ್ದು ಏನೇನೂ ಅಲ್ಲ. ಹಾಗೆ ಒಳ್ಳೆಯವಳಾಗಿರುವುದು ಅವಳಿಗೆ ಅಷ್ಟು ಸಲೀಸಾಗಿ ಬರುತ್ತದಲ್ಲ, ಅದನ್ನು ಕಂಡು ಆಗ ಉರಿದ ಉರಿಯನ್ನು ನಾನು ಎಂದೂ ಕಂಡಿರಲಿಲ್ಲ.

“ಯಾಕೆ ನಿಂತೇ ಇದೀರಿ ಅಕ್ಕಾ? ಕೂತ್ಕೊಳ್ಳಿ, ಟೀ ಆಯ್ತು,” ಎಂದಳು.

ಕೂತೆ. ಸಕ್ಕರೆ ಎಷ್ಟು ಎಂದು ಅವಳು ಕೇಳಲಿಲ್ಲ. ನನಗೆ ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು, ಅವಳಿಗೆ ಎಷ್ಟು ಬೇಕೆಂದು ನನಗೆ ಗೊತ್ತಿರಲಿಲ್ಲ.